ಕೊಲೆ ಸರಿ, ಕೊಂದವ ಯಾವ ಊರಾವ?

ತುಂಗಭದ್ರೆಯ ಎಡದಂಡೆಯ ನಮ್ಮ ಸೀಮೆಯಲ್ಲಿ ಅಪರಾಧ ಪತ್ತೆಯ ವಿದ್ಯೆ ಎಷ್ಟು ಮುಂದುವರಿದಿದೆಯೆಂದರೆ, ಪೊಲೀಸರ ಪಂಚನಾಮೆ ಮುಗಿಯುವ ಮೊದಲೇ ಚಹಾದಂಗಡಿಯ ಬೆಂಚಿನ ಮೇಲೆ ತನಿಖೆ ಮುಗಿದು ತೀರ್ಪೂ ಹೊರಬಿದ್ದಿರುತ್ತದೆ. ಬೆರಳಚ್ಚು, ಸಿಸಿಟಿವಿ ಮುಂತಾದವು ಸರ್ಕಾರಿ ನೌಕರರ ಕಾಲಹರಣ. ಬೆಂಚಿಗೆ ಒಂದೇ ಪ್ರಶ್ನೆ ಸಾಕು: ‘ಮಾಡಿದಾವ ಯಾವ ಊರಾವ?’ ಉತ್ತರ ಬಿಹಾರ, ಒಡಿಶಾ ಅಥವಾ ಬಂಗಾಳ ಎಂದು ಬಂದರೆ ಕೃತ್ಯವು ಆ ಇಡೀ ರಾಜ್ಯದ ರಕ್ತಗುಣವಾಗುತ್ತದೆ. ಪಕ್ಕದ ಓಣಿ ಎಂದು ಬಂದರೆ ಅದು ಬದುವಿನ ಜಗಳ, ಕುಡಿತದ ಅಮಲು, ಹೆಚ್ಚೆಂದರೆ ಕೆಟ್ಟ ಗಳಿಗೆ.

ಇಂಥ ಸೀಮೆಯ ಒಂದು ಊರಿನಲ್ಲಿ, ಹೊರಗಿನವರಿಂದ ಊರನ್ನು ಕಾಪಾಡುವ ಸಲುವಾಗಿ ಹಿರಿಯರ ಸಭೆ ಸೇರಿತೆಂದು ಭಾವಿಸೋಣ. ಅಧ್ಯಕ್ಷತೆ ವಹಿಸಿದವರು ರೈಸ್ ಮಿಲ್ಲಿನ ಧಣಿ. ಅವರ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲರೆಲ್ಲ ಬಿಹಾರದವರು. ಮಿಲ್ಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಗಲು ಪಾಳಿಯವರು ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಮಲಗುತ್ತಾರೆ, ಬಾಡಿಗೆ ಮಾತ್ರ ತಲೆಯ ಲೆಕ್ಕದಲ್ಲಿ ಎರಡೂ ಪಾಳಿಗೆ ಬೇರೆ ಬೇರೆಯಾಗಿ ವಸೂಲಾಗುತ್ತದೆ. ಹೊರಗಿನವರು ಕೂಡಲೇ ಊರು ಬಿಡಬೇಕೆಂದು ಧಣಿಗಳು ಮೇಜು ಗುದ್ದಿದಾಗ ಹಿಂದಿನ ಸಾಲಿನಿಂದ ಒಬ್ಬ, ‘ಧಣಿ, ನಾಳಿ ಲಾರಿಗೆ ಲೋಡ್ ಯಾರು ಹಾಕತಾರ್ರಿ?’ ಎಂದ. ‘ಕೂಡಲೇ’ ಎಂಬುದನ್ನು ‘ಸೀಜನ್ ಮುಗಿದ ಬಳಿಕ’ ಎಂದು ತಿದ್ದಿಕೊಳ್ಳಲಾಯಿತು.

ಮುಂದಿನ ಭಾಷಣ ‘ಈ ಮಣ್ಣಿನ ಮೂಲ ಮಕ್ಕಳಾದ ನಾವು’ ಎಂದು ಆರಂಭವಾಯಿತು. ಮಾತನಾಡುತ್ತಿದ್ದವರ ತಾತ, 1953ರಲ್ಲಿ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಮೇಲೆ, ಗುಂಟೂರು ಕಡೆಯಿಂದ ಬಂದು ಹೊಲ ಕೊಂಡು ನಮಗೆ ಭತ್ತದ ಬೇಸಾಯ ಕಲಿಸಿದವರು. ಅವರ ಊರಿನ ಹೆಸರಿಗೆ ‘ಕ್ಯಾಂಪ್’ ಎಂಬ ಬಾಲ ಇಂದಿಗೂ ಅಂಟಿಕೊಂಡಿದೆ. ಅದರಲ್ಲಿ ತಪ್ಪೇನೂ ಇಲ್ಲ, ನಾವು ಉಣ್ಣುವ ಸೋನಾ ಮಸೂರಿಗೆ ಆ ತಾತನ ಋಣವಿದೆ. ಆದರೆ ಹೊಲ ಕೊಳ್ಳಲು ಬಂದವನು ಎರಡು ತಲೆಮಾರಿನಲ್ಲಿ ಮಣ್ಣಿನ ಮಗನಾಗುತ್ತಾನೆ, ಅದೇ ಭತ್ತದ ಚೀಲ ಹೊರಲು ಬಂದವನು ಶಂಕಿತನಾಗಿಯೇ ಉಳಿಯುತ್ತಾನೆ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳೆಂಬ ಪುನರ್ವಸತಿ ನೆಲೆಗಳಲ್ಲಿ ಅರ್ಧ ಶತಮಾನದಿಂದ ನೆಲೆಸಿರುವ ಪೂರ್ವ ಬಂಗಾಳದ ನಿರಾಶ್ರಿತರನ್ನು ಯಾವ ಸಾಲಿಗೆ ಸೇರಿಸಬೇಕೆಂಬುದು ಚುನಾವಣೆಯವರೆಗೆ ಬಾಕಿ ಉಳಿಯಿತು.

ಭದ್ರತೆಯ ಮೊದಲ ಕ್ರಮವಾಗಿ ಪ್ರತಿ ಹಮಾಲನ ಆಧಾರ್ ಜೆರಾಕ್ಸ್ ಸಂಗ್ರಹಿಸಿ ಒಂದು ಫೈಲಿನಲ್ಲಿ ಹಾಕಬೇಕೆಂದಾಯಿತು. ಮಾದರಿಗೆ ತಂದ ಪ್ರತಿಯಲ್ಲಿ ಕಣ್ಣು, ಮೂಗು, ಮೀಸೆಗಳೆಲ್ಲ ಒಂದಾಗಿ, ಎರಡು ಕಿವಿಗಳ ನಡುವೆ ಕರಿ ಮಸಿಯಷ್ಟೇ ಉಳಿದಿತ್ತು. ‘ನೋಡ್ರಿ, ಮಾರಿ ನೋಡಿದ್ರ ತಿಳೀತದ’ ಎಂದು ಧಣಿಗಳು ಉದ್ಗರಿಸಿದರು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಇಂಥ ದಾಖಲೆಯನ್ನು ಹೇಳಿತ್ತು. ಗುತ್ತಿಗೆದಾರನು ಲೈಸೆನ್ಸ್ ಪಡೆದು, ಪ್ರತಿ ಕಾರ್ಮಿಕನಿಗೆ ಭಾವಚಿತ್ರವಿರುವ ಪಾಸ್‌ಬುಕ್ ಕೊಟ್ಟು, ಕೂಲಿಯ ದರವನ್ನು ಅದರಲ್ಲಿ ಬರೆದು, ಸ್ಥಳಾಂತರದ ಭತ್ಯೆಯನ್ನೂ ಕೊಡಬೇಕೆಂದು ಅದರಲ್ಲಿತ್ತೆಂದು ಒಬ್ಬ ನಿವೃತ್ತ ಮೇಷ್ಟ್ರು ನೆನಪಿಸುತ್ತಿದ್ದಂತೆ, ಮುಂದಿನ ಕುರ್ಚಿಯಲ್ಲಿದ್ದ ಗುತ್ತಿಗೆದಾರರಿಗೆ ತುರ್ತು ಫೋನು ಬಂದು ಅವರು ಹೊರನಡೆದರು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಹೊರಗಿನಿಂದ ಬಂದವರಲ್ಲಿ ಕೇಡಿಗರೇ ಇಲ್ಲವೆಂದು ತಾನು ಹೇಳುವುದಿಲ್ಲ, ತಪ್ಪು ಮಾಡಿದವನು ಯಾರೇ ಆಗಲಿ ಒಳಗೆ ಹೋಗಲಿ, ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಗಳಲ್ಲಿ ಕೊಲೆಗೆ ಮೊದಲ ಕಾರಣ ವ್ಯಾಜ್ಯ, ನಂತರದ್ದು ವೈಯಕ್ತಿಕ ದ್ವೇಷ. ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ ಎಂದರು. ಹಾಗಾದರೆ ಜೆರಾಕ್ಸನ್ನು ಮೊದಲು ಪಡೆಯಬೇಕಾದದ್ದು ದಾಯಾದಿಯಿಂದ, ನೆರೆಮನೆಯವನಿಂದ, ಸೋದರಮಾವನಿಂದ. ಸಭೆಯಲ್ಲಿ ಈ ಮೂರೂ ವರ್ಗದವರು ತುಂಬಿದ್ದರಿಂದ ವಿಷಯ ಮುಂದೂಡಲ್ಪಟ್ಟಿತು.

2025ರ ಮಾರ್ಚ್‌ನಲ್ಲಿ ನಮ್ಮದೇ ಸೀಮೆಯ ಸಣಾಪುರದ ಹತ್ತಿರ ಕಾಲುವೆಗೆ ತಳ್ಳಲ್ಪಟ್ಟು ಸತ್ತವನು ಒಡಿಶಾದವನು, ಅದೇ ರಾತ್ರಿ ಅತ್ಯಾಚಾರಕ್ಕೆ ಒಳಗಾದವರಲ್ಲಿ ಒಬ್ಬಳು ಇಸ್ರೇಲಿನಿಂದ ಬಂದವಳು, ಬಂಧಿತರಾದವರು ಗಂಗಾವತಿಯವರು. ಆ ವಾರ ಬೆಂಚಿನ ಪ್ರಶ್ನೆಯೇ ಬದಲಾಗಿ, ‘ರಾತ್ರಿ ಹೊತ್ತು ಅವರು ಅಲ್ಲಿಗೆ ಯಾಕ ಹೋಗಿದ್ರು?’ ಎಂದಾಯಿತು. ಇಡೀ ತಾಲ್ಲೂಕಿನ ರಕ್ತಗುಣದ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಬಾರದು ಕೂಡ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ, ಹೈದರಾಬಾದಿನಿಂದ ಬಂದವನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಬಡಿದು ಕೊಂದಾಗ, ಊರನ್ನು ಕಾಯುತ್ತಿದ್ದೇವೆಂಬ ಭಾವನೆ ಅಲ್ಲಿ ನೆರೆದವರಿಗೂ ಇದ್ದಿರಬೇಕು.

ಕೊನೆಯ ವಿಷಯವನ್ನು ಗುಳೆ ಹೋದವರ ಮನೆಯವರು ತಂದಿದ್ದರು. ಗೋವಾಕ್ಕೂ ಪುಣೆಗೂ ದುಡಿಯಲು ಹೋದ ನಮ್ಮ ಹುಡುಗರನ್ನು ಅಲ್ಲಿಯವರು ಕಳ್ಳರಂತೆ ನೋಡಿ, ಸಣ್ಣದೊಂದು ಕಳವಾದರೂ ಮೊದಲು ಅವರ ಶೆಡ್ಡಿಗೇ ನುಗ್ಗಿ ಆಧಾರ್ ಕೇಳುತ್ತಾರಂತೆ. ಕೇಳಿದ ಧಣಿಗಳು ಕೆಂಡಾಮಂಡಲವಾದರು. ದುಡಿದು ತಿನ್ನುವ ಬಡವರಿಗೆ ಇಂಥ ಅಪಮಾನವೇ ಎಂದು ಗುಡುಗಿ, ಆ ಎರಡೂ ಸರ್ಕಾರಗಳಿಗೆ ಖಂಡನಾ ಪತ್ರ ಬರೆಯುವ ಠರಾವನ್ನು ಮಂಡಿಸಿದರು. ಪತ್ರದ ಠರಾವು ಮತ್ತು ಜೆರಾಕ್ಸಿನ ಠರಾವು ಎರಡೂ ಒಂದೇ ಚಪ್ಪಾಳೆಯಲ್ಲಿ ಪಾಸಾದವು; ಜೆರಾಕ್ಸಿನ ಖರ್ಚನ್ನು ಹಮಾಲರ ಕೂಲಿಯಲ್ಲಿ ಮುರಿದುಕೊಳ್ಳಬೇಕೆಂಬ ತಿದ್ದುಪಡಿಗೂ ಯಾರ ತಕರಾರೂ ಬರಲಿಲ್ಲ.