55 ಡೆಸಿಬಲ್ ಮತ್ತು ನಮ್ಮ ರಾಯರು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇಟ್ಟವರಿಗೆ ಮನೆಯಲ್ಲಿ ದೋಸೆ ಮಾಡುವ ಕೆಲಸ ಇರುವುದಿಲ್ಲ ಅನ್ನಿಸುತ್ತೆ. ನಾನು ಕಾವಲಿ ಇಳಿಸಿ ಪಾರ್ಕಿಗೆ ಓಡಿದೆ. ವಿಷಯ ಭಾರಿ ತುರ್ತಂತೆ. ನಮ್ಮ ಕ್ರಾಸಿನ ಕೊನೇ ಮನೆಯಲ್ಲಿ ಡೇ ಕೇರ್ ಬರುತ್ತದಂತೆ.

ಬೆಂಗಳೂರಿನ ನಮ್ಮ ಲೇಔಟಿನಲ್ಲಿ ಕಳ್ಳತನ ಆದಾಗಲೂ ಇಷ್ಟು ಜನ ಸೇರಿರಲಿಲ್ಲ. ಆಟೋಗಳು ಜಾಸ್ತಿ ಆಗುತ್ತವೆ, ಸೈಟಿನ ರೇಟು ಬೀಳುತ್ತೆ, ಡಯಾಪರ್ ಎಲ್ಲಿ ಎಸೀತಾರೆ. ಎದುರಿಗೇ ನಾಲ್ಕು ಮಹಡಿ ಪಿಜಿ ಎದ್ದಾಗ ಇವರೆಲ್ಲ ಎಲ್ಲಿದ್ದರೋ!

ಆಮೇಲೆ ರಾಯರು ಎದ್ದರು. ರಿಟೈರ್ ಆದ ಹೊಸತರಲ್ಲಿ ಅವರು ಶುಗರ್, ಬಿಪಿ ಅಳೆದುಕೊಳ್ಳುತ್ತಿದ್ದರು. ಎರಡೂ ನಾರ್ಮಲ್ ಬಂದು ಬೇಜಾರಾಯಿತೋ ಏನೋ, ಈಗ ಮೊಬೈಲಿನಲ್ಲಿ ಶಬ್ದ ಅಳೆಯುತ್ತಾರೆ. ಅದಕ್ಕೊಂದು ಆ್ಯಪ್ ಇದೆ. ಅಳೆದದ್ದನ್ನು ಬರೆಯಲು ಒಂದು ಡೈರಿಯೂ ಇದೆ.

"2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ! ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45! ಹತ್ತು ಮಕ್ಕಳು ಒಟ್ಟಿಗೆ ಅತ್ತರೆ?" ಎಂದು ಕೂಗಿ ಮೊಬೈಲ್ ಎತ್ತಿ ಹಿಡಿದರು. "ನೋಡಿ, ಮಕ್ಕಳು ಬರೋಕ್ ಮುಂಚೇನೇ 78!"

ಆ 78 ಅವರದೇ ಗಂಟಲಿನದು. ಎಲ್ಲರೂ ಹೊಂಗೆ ಮರ ನೋಡತೊಡಗಿದೆವು. ಅಷ್ಟರಲ್ಲಿ ಅವರ ಮನೆ ಬಾಲ್ಕನಿಯಿಂದ "ರೀ, ಹಾಲು ಉಕ್ಕಿ ಹೋಯ್ತು!" ಅಂತ ಕೇಳಿತು. 81. ಗಾಬರಿಯಾದ ಅವರ ನಾಯಿ ಬೊಗಳಿತು. 86. ರಾಯರು ಎಲ್ಲವನ್ನೂ ಶ್ರದ್ಧೆಯಿಂದ ಡೈರಿಗೆ ಇಳಿಸಿದರು, ಡೇ ಕೇರ್ ವಿರುದ್ಧದ ಸಾಕ್ಷಿ ಅಂತ.

"ಗಣೇಶನ ಆರ್ಕೆಸ್ಟ್ರಾದ ದಿನ ಅಳೆದಿದ್ರಾ?" ಎಂದೆ. ಸ್ಪೀಕರಿಗೆ ದುಡ್ಡು ಕೊಟ್ಟಿದ್ದವರು ಅವರೇ.

"ಅದು ದೇವರ ಕಾರ್ಯ ಕಣಮ್ಮಾ."

ಡೇ ಕೇರ್ ಮಾಡಬೇಕೆಂದಿರುವ ಹುಡುಗಿ ಫೈಲ್ ಅಪ್ಪಿಕೊಂಡು ಬೆಂಚಿನ ಪಕ್ಕ ನಿಂತಿದ್ದಳು. "ಹನ್ನೆರಡೇ ಮಕ್ಕಳು ಸರ್. ಒಂದರಿಂದ ಮೂರರವರೆಗೆ ಮಲಗಿರ್ತಾರೆ" ಎಂದಳು. ರಾಯರು ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದರು. 52. ಇಡೀ ಸಭೆಯಲ್ಲಿ ಕಾನೂನಿನೊಳಗೆ ಮಾತಾಡಿದವಳು ಅವಳೊಬ್ಬಳೇ.

ಕಾನೂನು ಅಂದೆ ನೋಡಿ, ನೆನಪಾಯಿತು. ಐವತ್ತು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಿಂದ ಕಾನೂನಿದೆ. ನಮ್ಮ ಆಫೀಸಿನಲ್ಲಿ ನಾವು 48 ಜನ. ಯಾರೋ ಕೂತು ಲೆಕ್ಕ ಹಾಕಿದ ಹಾಗಿದೆ. 26 ವಾರ ಹೆರಿಗೆ ರಜೆ ಸಿಗುತ್ತೆ ಸರಿ. 27ನೇ ವಾರ ಕೂಸನ್ನು ಎಲ್ಲಿಡೋದು? ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗೆ ಹಳ್ಳಿಗಳಲ್ಲಿ ಸರ್ಕಾರವೇ 'ಕೂಸಿನ ಮನೆ' ಮಾಡಿದೆ. ನಮ್ಮ ಲೇಔಟಿನಲ್ಲಿ ಕೂಸು ಅಂದರೆ ಮಾಲಿನ್ಯ.

ನನ್ನ ಮಗಳು ಎಂಟು ತಿಂಗಳಿದ್ದಾಗ ನಾನು ಬಿಟ್ಟು ಹೋಗುತ್ತಿದ್ದದ್ದು ಅದೇ ಕೊನೇ ಮನೆಯಲ್ಲಿ. ಆಗ ಅಲ್ಲೊಬ್ಬರು ಅಜ್ಜಿ ಇದ್ದರು. ರಾಗಿ ಸರಿ ತಿನ್ನಿಸಿ, ಸೀರೆ ಜೋಲಿಯಲ್ಲಿ ಮಲಗಿಸುತ್ತಿದ್ದರು. ಸಂಜೆ ಮಗು ಎತ್ತಿಕೊಂಡರೆ ಅವರ ಮನೆಯ ಊದುಬತ್ತಿ ವಾಸನೆ. ಬೋರ್ಡ್ ಇರಲಿಲ್ಲ, ಪರ್ಮಿಷನ್ನೂ ಇರಲಿಲ್ಲ. ಮಗು ಅತ್ತರೆ ಮೂಲೆವರೆಗೆ ಕೇಳುತ್ತಿತ್ತು. ಆಗೆಲ್ಲ ಗಿಲಕಿ ಹಿಡಿದು ಓಡಿ ಬರುತ್ತಿದ್ದವರು ರಾಯರ ಹೆಂಡತಿ. ಶನಿವಾರ ಆದರೆ ಸ್ವತಃ ರಾಯರು. ಅಜ್ಜಿ ಹೋಗಿ ಆರು ವರ್ಷ ಆಯಿತು. ಮನೆ ಖಾಲಿ ಬಿದ್ದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಮುಚ್ಚಿಡೋದು ಸರಿಯಲ್ಲ. ಡೇ ಕೇರ್ ಬೇಡ ಅನ್ನುವ ಮನವಿ ಪತ್ರದಲ್ಲಿ 19ನೇ ಸಹಿ ನನ್ನದೇ. ಆ ಖಾಲಿ ಮನೆಯ ಗೇಟಿನ ಮುಂದೆ ನಮ್ಮ ಕಾರು ನಿಲ್ಲುತ್ತೆ. ಆರು ವರ್ಷದಿಂದ.

ಇವತ್ತು ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಹಾಡು ಹಾಕಿಕೊಂಡು ಬಂತು. ಕಿಟಕಿ ಗಾಜು ಅದುರಿತು. ರಾಯರು ಎರಡು ಬಕೆಟ್ ಹಿಡಿದು ನಿಂತಿದ್ದರು, ಹಸಿ ಕಸ ಒಂದರಲ್ಲಿ, ಒಣ ಕಸ ಇನ್ನೊಂದರಲ್ಲಿ. ಮೊಬೈಲು ಜೇಬಿನಲ್ಲಿತ್ತು.

"ಎಷ್ಟು ಬಂತು ರಾಯರೇ?" ಎಂದು ಕೂಗಿದೆ.

"ಏನಮ್ಮಾ? ಜೋರಾಗಿ ಹೇಳು, ಕೇಳಿಸ್ತಿಲ್ಲ!"