ದೊಡ್ಡಪ್ಪನ ಹ್ಞೂಂ

ಇದನ್ನ ಬರೆಯುವಾಗಲೂ ನನ್ನ ಗಂಟಲು ಕಟ್ಟಿದೆ. ನೆಗಡಿ ಅಲ್ಲ. ಮೊನ್ನೆ ರಾತ್ರಿ ಟ್ರಾಕ್ಟರ್ ಸೀಟಿನ ಮೇಲೆ ಕೂತು ಎರಡು ಗಂಟೆ "ಹತ್ತಿತಾ? ಹತ್ತಿತಾ?" ಅಂತ ಕೂಗಿದ್ದರ ಫಲ.

ಟ್ರೇಲರ್‌ಗೆ ಮೆಕ್ಕೆಜೋಳ ತುಂಬಿ ಆಗಿತ್ತು. ನಮ್ಮೂರು ಆನಗೋಡು ಕಡೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಬಿಸಿಲೇರೋದರೊಳಗೆ ದಾವಣಗೆರೆ ಎಪಿಎಂಸಿಯಲ್ಲಿ ಜಾಗ ಸಿಗುತ್ತೆ, ಮಾಲು ಇಳಿಸಿ ಒಂದು ಬೆಣ್ಣೆ ದೋಸೆ ತಿಂದು ಬರಬಹುದು ಅನ್ನೋದು ಲೆಕ್ಕ. ಆದರೆ ನಡುವೆ ಹೈವೇ ಇದೆ. ಬೋರ್ಡಿನಲ್ಲಿ 48 ಅಂತ ಬರೆದು ಎಷ್ಟೋ ವರ್ಷ ಆಯ್ತು, ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ ಫೋರೇ. ಕತ್ತಲಲ್ಲಿ ಹಿಂದೆ ಲೈಟಿಲ್ಲದೆ ಅದರ ಮೇಲೆ ಹೋಗೋದು ಅಂದರೆ ಯಾವುದಾದರೂ ಲಾರಿಯನ್ನ ಕರೆದು ಗುದ್ದಿಸಿಕೊಂಡ ಹಾಗೆ. ನಮ್ಮ ಕಡೆಯ ಎಷ್ಟೋ ಟ್ರೇಲರ್‌ಗಳು ಒಂದು ರೇಡಿಯಂ ಪಟ್ಟಿಯ ಮೇಲೆ ಭಾರ ಹಾಕಿ ಓಡಾಡ್ತವೆ, ಅದು ಬೇರೆ ಮಾತು. ನಾನು ಹಾಗಲ್ಲ. ನಾನು ನಿಯಮದ ಮನುಷ್ಯ. ಹಾಗಂತ ಎಲ್ಲರ ಹತ್ತಿರ ಹೇಳಿಕೊಂಡೂ ಇದ್ದೆ.

ಊರಲ್ಲಿ ಅದನ್ನ ಟ್ರೇಲರ್ ಅನ್ನೋರು ಕಮ್ಮಿ. ಟೇಲರ್ ಅಂತಾರೆ. ಬಟ್ಟೆ ಹೊಲಿಯೋನೂ ಟೇಲರ್, ಜೋಳ ಹೊರೋದೂ ಟೇಲರ್. ಬೇಕಾದ ದಿನ ಕೈ ಕೊಡೋದರಲ್ಲಿ ಇಬ್ಬರೂ ಒಂದೇ.

ರಾತ್ರಿ ಒಂಬತ್ತಕ್ಕೆ ಸುಮ್ನೆ ಒಂದು ಸಲ ನೋಡೋಣ ಅಂತ ಟ್ರೇಲರ್ ಲೈಟಿನ ಏಳು ಪಿನ್ನಿನ ಪ್ಲಗ್ಗನ್ನ ಟ್ರಾಕ್ಟರಿಗೆ ಸಿಗಿಸಿ ಬಲಗಡೆ ಇಂಡಿಕೇಟರ್ ಹಾಕಿದೆ. ಇಳಿದು ಹಿಂದೆ ಹೋಗಿ ನೋಡಿದರೆ ಇಂಡಿಕೇಟರ್ ಬಿಟ್ಟು ಎರಡೂ ಟೇಲ್ ಲೈಟು ಮಿಣಮಿಣ ಅಂತಿದ್ದವು. ಮತ್ತೆ ಹತ್ತಿ ಇಂಡಿಕೇಟರ್ ಆರಿಸಿ, ಬ್ರೇಕ್ ಪೆಡಲ್ ಮೇಲೆ ಒಂದು ಕಲ್ಲಿಟ್ಟು ಬಂದು ನೋಡಿದೆ. ಬ್ರೇಕ್ ಲೈಟಿಲ್ಲ, ಇಂಡಿಕೇಟರ್ ಎರಡೂ ಮಂಕಾಗಿ ಕೆಂಡದ ಹಾಗೆ ಕಾಣ್ತಿವೆ! ಒಬ್ಬನನ್ನ ಕರೆದರೆ ಇನ್ನೊಬ್ಬ ಓಗೊಡುವ ಮನೆ ಇದು. ಪೇಟೆಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಬಲ್ಬ್ ಹೋಗಿರ್ತಾವೆ ಸಾರ್, ಹಾಕ್ಸಿಬಿಡಿ" ಅಂದ. ಅವನು ಯಾವ ಕಾಯಿಲೆಗೂ ಅದೇ ಮಾತ್ರೆ ಕೊಡೋದು. ಮನೆಯಲ್ಲಿದ್ದ ಹೊಸ ನಾಲ್ಕು ಬಲ್ಬ್ ಹಾಕಿದೆ. ಹೊಸ ಬಲ್ಬುಗಳು ಅದೇ ಹಳೇ ನಾಟಕ ಆಡಿದವು.

ಇಳಿದು ಹತ್ತಿ ಮೊಣಕಾಲು ಬಿದ್ದುಹೋಯಿತು. ಆಗ ದೊಡ್ಡಪ್ಪ ಶಾಲು ಹೊದ್ದು ಹೊರಗೆ ಬಂದರು. ಅವರನ್ನ ಹಿಂದೆ ನಿಲ್ಲಿಸಿದೆ. ಹತ್ತಿತೋ ಇಲ್ಲವೋ ಹೇಳೋದಷ್ಟೇ ಕೆಲಸ. ಕಣ್ಣು, ಬಾಯಿ ಇದ್ದರೆ ಸಾಕು ಅಂದುಕೊಂಡಿದ್ದೆ.

"ಹತ್ತಿತಾ ದೊಡ್ಡಪ್ಪಾ?"

ಉತ್ತರ ಇಲ್ಲ. ಕುತ್ತಿಗೆ ಹೊರಳಿಸಿ ನೋಡಿದೆ. ಜೋಳದ ಚೀಲದ ಗುಡ್ಡದ ಆಚೆ ಅವರು ತಲೆ ಆಡಿಸ್ತಿದ್ದಾರಂತೆ. ಇಷ್ಟೆತ್ತರ ಲೋಡಿನ ಹಿಂದೆ ನಿಂತು ತಲೆ ಆಡಿಸಿದರೆ ನನಗೆ ಕಾಣೋದು ಹೆಂಗೆ? "ಬಾಯಿ ಬಿಟ್ಟು ಹೇಳ್ರಿ" ಅಂದೆ.

"ಹ್ಞೂಂ."

ಈಗ ಇನ್ನೊಂದು ಕಷ್ಟ ಶುರುವಾಯ್ತು. ನಮ್ಮ ದೊಡ್ಡಪ್ಪ ಹೌದು ಅನ್ನೋಕೆ 'ಹ್ಞೂಂ' ಅಂತಾರೆ, ಇಲ್ಲ ಅನ್ನೋಕೆ 'ಊಂಹೂಂ' ಅಂತಾರೆ, ಕೇಳಿಸಿಕೊಂಡೆ ಮುಂದೆ ಹೇಳು ಅನ್ನೋಕೆ 'ಹೂಂ' ಅಂತಾರೆ, ಮತ್ತೆ ಕೇಳಿಸಲಿಲ್ಲ ಇನ್ನೊಂದು ಸಲ ಹೇಳು ಅನ್ನೋಕೆ 'ಹ್ಞಾಂ?' ಅಂತಾರೆ. ಬಾಯಿ ತೆರೆಯದೆ ಮೂಗಿನಲ್ಲೇ ಇಡೀ ಸಂಸಾರ ನಡೆಸಿದ ಮನುಷ್ಯ. ಕಟ್ಟೆ ಮೇಲೆ ಎದುರುಬದುರು ಕೂತಾಗ ಇದೆಲ್ಲ ಸಲೀಸಾಗಿ ಅರ್ಥ ಆಗುತ್ತೆ. ಡೀಸೆಲ್ ಎಂಜಿನ್ ಡುಬುಡುಬು ಅನ್ನುವಾಗ ನಾಲ್ಕೂ ಒಂದೇ. ಬ್ಯಾಟರಿ ಇಳಿದೀತು ಅನ್ನೋ ಭಯಕ್ಕೆ ಎಂಜಿನ್ ಆರಿಸೋ ಹಾಗೂ ಇಲ್ಲ.

"ಯಾವ ಕಡೆ ಹತ್ತಿತು? ಎಡಕ್ಕಾ ಬಲಕ್ಕಾ?"

"ಯಾರ ಎಡಕ್ಕೆ?"

ಅವರು ಟ್ರೇಲರ್ ಕಡೆ ಮುಖ ಮಾಡಿದ್ದರೆ ಅವರ ಎಡವೂ ನನ್ನ ಎಡವೂ ಒಂದೇ. ಆದರೆ ಅವರು ನಡುನಡುವೆ ತಿರುಗಿ ರಸ್ತೆ ಕಡೆ ನೋಡ್ತಾರೆ, ಯಾರು ಹೋದರು, ಈ ಹೊತ್ತಲ್ಲಿ ಯಾಕೆ ಹೋದರು ಅಂತ. ಹತ್ತು ನಿಮಿಷ ಈ ಜಗಳ ಆದ ಮೇಲೆ ಅವರೇ ಒಂದು ದಾರಿ ಮಾಡಿದರು. "ಲೇ ತಮ್ಮಾ, ಬಸ್ಯಾನ ಕಡಿ ಐತಿ, ರಾಮ್ಯಾನ ಕಡಿ ಇಲ್ಲ!"

ಬಸ್ಯಾ, ರಾಮ್ಯಾ ನಮ್ಮ ಮನೆಯ ಎತ್ತುಗಳು. ನೊಗದಲ್ಲಿ ಬಸ್ಯಾ ಯಾವತ್ತೂ ಎಡಕ್ಕೆ, ರಾಮ್ಯಾ ಬಲಕ್ಕೆ. ನೋಡೋನು ಯಾವ ಕಡೆ ಮುಖ ತಿರುಗಿಸಿದರೂ ಎತ್ತು ಜಾಗ ಬದಲಿಸಲ್ಲ ಅಲ್ವಾ? ಒಪ್ಪಬೇಕಾದ ಮಾತು. ನನಗೆ ಇನ್ನೂ ಸಿಟ್ಟು ಬಂತು.

ಟ್ರಾಕ್ಟರ್ ತಂದ ವರ್ಷವೇ ಆ ಜೋಡಿಯನ್ನ ಮಾರಿದ್ದು. ನಾನು ಚಿಕ್ಕವನಿದ್ದಾಗ ದೊಡ್ಡಪ್ಪ ರಾತ್ರಿ ಗಾಡಿ ಹೂಡಿ ಪೇಟೆಗೆ ಹೊರಡೋರು. ಶೇಂಗಾ ಚೀಲದ ಮೇಲೆ ಮಲಗಿ ನಾನೂ ಹೋಗಿದ್ದೀನಿ. ಗಾಡಿಯ ಅಚ್ಚಿಗೆ ಒಂದು ಕಂದೀಲು ಕಟ್ಟಿರ್ತಿತ್ತು. ಅದು ತೂಗಾಡಿದ ಹಾಗೆಲ್ಲ ಚಕ್ರದ ಅರೆಕಾಲಿನ ನೆರಳು ದೊಡ್ಡದಾಗಿ ಬದಿಯ ಜಾಲಿ ಗಿಡಗಳ ಮೇಲೆ ತಿರುಗ್ತಾ ನಮ್ಮ ಜೊತೆಗೇ ಬರೋದು. ದೊಡ್ಡಪ್ಪ ತೂಕಡಿಸೋರು, ಎತ್ತು ದಾರಿ ನೋಡಿಕೊಳ್ಳೋವು. ಆ ಕಂದೀಲಿಗೆ ಏಳು ಪಿನ್ ಇರಲಿಲ್ಲ.

ಏಳು ಪಿನ್ನಿನ ವಿಷಯಕ್ಕೆ ಬರ್ತೀನಿ. ಪುಸ್ತಕದ ಪ್ರಕಾರ ಹಳದಿ ವೈರ್ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಮೂರನೇ ಪಿನ್ನಿನ ಬಿಳಿ ವೈರ್ ಅರ್ಥ್. ನಮ್ಮದನ್ನ ಬಿಚ್ಚಿ ನೋಡಿದರೆ ಏಳಕ್ಕೆ ಏಳೂ ಕೆಂಪು. ವೈರಿಂಗ್ ಮಾಡಿದ ದಿನ ಅಂಗಡಿಯಲ್ಲಿ ಅದೊಂದೇ ಬಣ್ಣ ಇತ್ತಂತೆ. ಸಾಕೆಟ್ಟಿನ ಮುಚ್ಚಳದೊಳಗೆ ಕಣಜವೊಂದು ಮಣ್ಣಿನ ಮನೆ ಕಟ್ಟಿತ್ತು, ಅದನ್ನೂ ಕೆರೆದು ತೆಗೆದೆ.

ಗಲಾಟೆ ಕೇಳಿ ಪಕ್ಕದ ಮನೆಯ ಐಟಿಐ ಹುಡುಗ ಬಂದ. ಒಂದು ನಿಮಿಷ ನೋಡಿ, "ಅಣ್ಣಾ, ಅರ್ಥ್ ಇಲ್ಲ" ಅಂದ.

"ನಾನು ಆಗ್ಲೇ ಹೇಳಿದ್ನೆಲ್ಲೋ, ಇವ್ನ ಕೆಲಸಕ್ಕ ಅರ್ಥ ಇಲ್ಲ ಅಂತ" ಅಂದರು ದೊಡ್ಡಪ್ಪ. ಬಸ್ಯಾ-ರಾಮ್ಯಾನ ಮಾತು ಬಿಟ್ಟರೆ ಇಡೀ ರಾತ್ರಿಯಲ್ಲಿ ಅವರು ಬಾಯಿ ತುಂಬ ಆಡಿದ ಮಾತು ಇದೊಂದೇ.

ಹುಡುಗ ಒಂದು ಉದ್ದ ವೈರ್ ತಗೊಂಡು ಒಂದು ತುದಿಯನ್ನ ಬ್ಯಾಟರಿಯ ಮೈನಸ್‌ಗೆ ಹಿಡಿಸಿದ, ಇನ್ನೊಂದು ತುದಿಯಿಂದ ಟ್ರೇಲರ್ ಚಾಸಿಯ ಬಣ್ಣ ಕೆರೆದು ಒತ್ತಿದ. ಹಾಕಿದ ಸ್ವಿಚ್ಚಿಗೆ ಹಾಕಿದ ಲೈಟು! ಕರೆಂಟು ಬಲ್ಬಿಗೆ ಬಂದರೆ ಸಾಲದು, ವಾಪಸ್ ಹೋಗೋಕೂ ದಾರಿ ಬೇಕು, ಅರ್ಥ್ ಅಂದರೆ ಅದೇ. ಆ ದಾರಿ ಮುಚ್ಚಿದಾಗ ಅದು ಪಕ್ಕದ ಬಲ್ಬಿನ ಮನೆಯೊಳಗೆ ನುಗ್ಗಿ ಹೊರಗೆ ಹೋಗುತ್ತೆ. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ ನಾವು ಗೊತ್ತಿಲ್ಲದ ಗಲ್ಲಿಗೆಲ್ಲ ಬೈಕ್ ನುಗ್ಗಿಸ್ತಿದ್ದೆವಲ್ಲ, ಹಾಗೆ. ಒಂದೇ ಬಲ್ಬಿನೊಳಗೆ ಬ್ರೇಕಿಗೆ 21 ವ್ಯಾಟಿನದೊಂದು, ಟೇಲ್ ಲೈಟಿಗೆ 5 ವ್ಯಾಟಿನದೊಂದು ತಂತಿ. ತೆಳ್ಳಗಿರೋ 5 ವ್ಯಾಟಿನದು ಅಷ್ಟಿಷ್ಟು ಕರೆಂಟಿಗೇ ಕೆಂಪಾಗುತ್ತೆ. ಮಿಣಮಿಣ ಅಂದಿದ್ದು ಅದೇ.

ಇಷ್ಟು ದಿನ ಚೆನ್ನಾಗಿದ್ದದ್ದು ಈಗ್ಯಾಕೆ ಹೀಗೆ ಅಂತ ಹುಡುಕಿದರೆ, ಅಲ್ಲಿ ನಾನೇ ಸಿಕ್ಕೆ. ಆಯುಧ ಪೂಜೆಗೆ ಅಂತ ಟ್ರೇಲರ್‌ಗೆ ಬಣ್ಣ ಹೊಡೆಸಿದ್ದೆ. "ಒಂದಿಂಚೂ ಬಿಡಬೇಡ" ಅಂತ ಪೇಂಟರ್‌ಗೆ ತಾಕೀತು ಮಾಡಿದ್ದೆ. ಪಾಪ, ಅವನು ಅರ್ಥ್ ವೈರಿನ ಬೋಲ್ಟನ್ನೂ ಬಿಚ್ಚಿ, ಅದರಡಿ ಎರಡು ಕೋಟ್ ಹೊಡೆದು, ಮತ್ತೆ ನೀಟಾಗಿ ಕೂರಿಸಿದ್ದ. ಆಮೇಲೆ ಟ್ರೇಲರನ್ನೇ ಟ್ರಾಕ್ಟರಿಗೆ ಸಿಗಿಸೋ ಕೊಂಡಿಯ ಪಿನ್ನು ತಾಗಿದಾಗ ಒಂದಿಷ್ಟು ಹತ್ತೋದು, ಕುಲುಕಿದಾಗ ಹೋಗೋದು. ಆ ಪಿನ್ನಿಗೂ ನಾನೇ ಕೈತುಂಬ ಗ್ರೀಸ್ ಬಳಿದಿದ್ದೆ. ಕುಂಬಳಕಾಯಿ ಒಡೆದು, ಅರಿಶಿನ ಕುಂಕುಮ ಇಟ್ಟು, ಕರೆಂಟಿನ ದಾರಿಗೆ ಗೋಡೆ ಕಟ್ಟಿದ್ದೆ. ಬೋಲ್ಟ್ ಬಿಚ್ಚಿ ಸ್ಯಾಂಡ್‌ಪೇಪರ್ ಉಜ್ಜಿ ಬಿಗಿ ಮಾಡೋಕೆ ಐದು ನಿಮಿಷ ಸಾಕಾಯ್ತು. ಹೊಸ ಬಲ್ಬು ತೆಗೆದು ಹಳೇ ಬಲ್ಬುಗಳನ್ನೂ ಹಾಕಿ ನೋಡಿದೆ. ಅವೂ ಚೆನ್ನಾಗೇ ಹತ್ತಿದವು.

ನಾಲ್ಕಕ್ಕೆ ಹೊರಟೆವು. ಬೇಡ ಅಂದರೂ ಕೇಳದೆ ದೊಡ್ಡಪ್ಪ ಮಡ್‌ಗಾರ್ಡ್ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತರು. ಹೈವೇ ಸೇರೋ ತಿರುವಿನಲ್ಲಿ ಇಂಡಿಕೇಟರ್ ಹಾಕಿ ಕೇಳಿದೆ, "ರಾಮ್ಯಾ ಐತಾ?"

ಮೂಗಿನಿಂದ ಏನೋ ಬಂತು. ಹ್ಞೂಂ ಇರಬಹುದು, ಊಂಹೂಂ ಇರಬಹುದು.

ಟ್ರಾಕ್ಟರ್ ಬದಿಗೆ ನಿಲ್ಲಿಸಿ, ಇಳಿದು, ಚಳಿಯಲ್ಲಿ ಹಿಂದಿನವರೆಗೂ ನಡೆದು ಹೋಗಿ ನೋಡಿದೆ. ರಾಮ್ಯಾ ಚೆನ್ನಾಗಿ ಮಿನುಗ್ತಿದ್ದ. ವಾಪಸ್ ಬಂದು ದೊಡ್ಡಪ್ಪನ ಮುಖ ನೋಡಿದರೆ ಅವರು, "ಯಾಕಲೇ ನಿಲ್ಸಿದಿ? ನಾನು ಗಂಟಲು ಸರಿ ಮಾಡ್ಕೊಂಡೆ" ಅಂದರು.