ಕಲರ್ ಹಾಕೋದಾ ಸಾರ್, ಇಲ್ಲ ಹಾಗೇನಾ?

ಮನೆಯಲ್ಲಿ ಪಾರ್ಟಿ ಇದೆ ಅಂತ ಅಡುಗೆಯವರನ್ನು ಕರೆಸಿ ನೋಡಿ. ಪಲಾವ್, ಜಾಮೂನು, ಮೊಸರನ್ನ ಎಲ್ಲ ಸಲೀಸಾಗಿ ಮುಗಿಯುತ್ತೆ. ಸ್ಟಾರ್ಟರ್‌ಗೆ ಬಂದ ತಕ್ಷಣ ಅವರ ದನಿ ಇಳಿಯುತ್ತೆ. "ಗೋಬಿಗೆ ಕಲರ್ ಹಾಕೋದಾ ಸಾರ್, ಇಲ್ಲ ಹಾಗೇನಾ?" ಲಂಚ ಕೇಳುವವರೂ ಈಗ ಇಷ್ಟು ಮೆಲ್ಲಗೆ ಮಾತಾಡಲ್ಲ.

ಕಾರಣ ನಿಮಗೆ ಗೊತ್ತೇ ಇದೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಯ ಬಣ್ಣ ಬಯಲು ಮಾಡಿದರು. 171 ಮಾದರಿ ಪರೀಕ್ಷಿಸಿದರೆ 107ರಲ್ಲಿ ಕೃತಕ ಬಣ್ಣ. ಬಾಂಬೆ ಮಿಠಾಯಿಯದ್ದೂ ಅದೇ ಹಣೆಬರಹ. ಜೂನ್‌ನಲ್ಲಿ ಕಬಾಬ್ ಸರದಿ. ಕೃತಕ ಬಣ್ಣ ನಿಷೇಧ, ಹಾಕಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂದರು.

ನನಗೆ ಕುತೂಹಲ ಇರುವುದು ಆ 107ರ ಬಗ್ಗೆ ಅಲ್ಲ. ಉಳಿದ 64 ಮಂದಿ ಯಾರು ಸ್ವಾಮಿ? ಎಲ್ಲರೂ ಕೆಂಪಗೆ ಮಾರುತ್ತಿರುವ ಊರಿನಲ್ಲಿ ಬಣ್ಣವಿಲ್ಲದ ಗೋಬಿ ಬಾಣಲೆಯಿಂದೆತ್ತಿ, ಗಿರಾಕಿಗೆ ಕೊಟ್ಟು, ಅಂಗಡಿಯನ್ನೂ ಉಳಿಸಿಕೊಂಡವರು! ರಾಜ್ಯೋತ್ಸವ ಪ್ರಶಸ್ತಿಗೆ ಇನ್ನೇನು ಅರ್ಹತೆ ಬೇಕು? ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣು. ಬೇಕಿದ್ದರೆ ಹೂಕೋಸಿನದ್ದೇ ಹಾರ.

ಜೈಲಿನ ದೃಶ್ಯವನ್ನೂ ಸುಮ್ನೆ ಊಹಿಸಿಕೊಳ್ಳಿ. ಒಬ್ಬ ಬ್ಯಾಂಕ್ ಮುಳುಗಿಸಿ ಬಂದಿದ್ದಾನೆ. ಇನ್ನೊಬ್ಬ ಕೆರೆ ನುಂಗಿ ಬಂದಿದ್ದಾನೆ. ಅಲ್ಲ, ತಪ್ಪಾಯ್ತು, ಅವರು ಹೊರಗೇ ಇರುತ್ತಾರೆ. ಒಳಗಿರುವುದು ಸರಗಳ್ಳ. "ಯಾವ ಕೇಸಣ್ಣಾ?" "ಗೋಬಿ." "ಹಾಫಾ, ಫುಲ್ಲಾ?"

ಈ ಬಣ್ಣಗಳ ಲೋಕದಲ್ಲೂ ಜಾತಿ ಇದೆ. ರೋಡಮೈನ್-ಬಿ ಪೂರ್ತಿ ಬಹಿಷ್ಕೃತ. ಅದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ, ಬಾಯಿಗಲ್ಲ. ಸನ್‌ಸೆಟ್ ಯೆಲ್ಲೋ ಹಾಗಲ್ಲ. ಸಿಹಿತಿಂಡಿಗೆ ಅಳತೆ ಮೀರದೆ ಹಾಕಿದರೆ ಅದು ಸಭ್ಯ ನಾಗರಿಕ. ಪಕ್ಕದ ಬಾಣಲೆಯ ಕಬಾಬಿಗೆ ಬಿದ್ದರೆ ಅಪರಾಧಿ. ಒಂದೇ ಪೊಟ್ಟಣ, ಒಂದೇ ಚಮಚ. ಎಡಕ್ಕೆ ಜಹಾಂಗೀರು, ಬಲಕ್ಕೆ ಜೈಲು. ಅಡುಗೆ ಭಟ್ಟರು ಇನ್ನು ಮುಂದೆ ಸೌಟಿನ ಜೊತೆ ವಕೀಲರನ್ನೂ ಕರೆತರಬೇಕು.

ಹೋಗಲಿ, ಬಣ್ಣ ಬೇಡಪ್ಪ, ಮನೆಯಲ್ಲೇ ಮಾಡೋಣ ಅಂತೀರಾ? ಮಾಡಬಹುದು. ಹೂಕೋಸು ಬಿಡಿಸಿ ಉಪ್ಪು, ಅರಿಶಿನದ ಬಿಸಿನೀರಲ್ಲಿ ಅದ್ದಿ ಹುಳ ತೇಲಿಸಬೇಕು. ಆಮೇಲೆ ನೀರೆಲ್ಲ ಆರುವವರೆಗೆ ಬಟ್ಟೆಯ ಮೇಲೆ ಹರಡಬೇಕು. ಅದಕ್ಕೆ ತಾಳ್ಮೆ ಇಲ್ಲದವರ ಗೋಬಿಯೇ ಪಿಚಪಿಚ ಅನ್ನುವುದು. ಬ್ಯಾಡಗಿ ಮೆಣಸಿನಕಾಯಿ ಬೀಜ ಉದುರಿಸಿ, ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಶುಂಠಿ ಜೊತೆ ಬೆಣ್ಣೆಯ ಹಾಗೆ ರುಬ್ಬಬೇಕು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಹಾಗಾಗಿ ಖಾರಕ್ಕೆ ಎರಡು ಗುಂಟೂರು. ಮೈದಾ, ಕಾರ್ನ್‌ಫ್ಲೋರ್, ಒಂದು ಹಿಡಿ ಅಕ್ಕಿಹಿಟ್ಟು. ಒಮ್ಮೆ ಹದ ಉರಿಯಲ್ಲಿ ಕರಿದು ತೆಗೆದು, ಆರಲು ಬಿಟ್ಟು, ನೆಂಟರು ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆ ಜೋರು ಉರಿಯಲ್ಲಿ ಇನ್ನೊಮ್ಮೆ. ಹೊರಗೆ ಕಟುಂ, ಒಳಗೆ ಮೆತ್ತಗೆ. ಬಣ್ಣ ಹಂಚಿನ ಕೆಂಪು.

ತಟ್ಟೆ ಹೊರಗೆ ಬಂತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು. "ಓ, ಪಕೋಡಾನಾ?" "ಗೋಬಿ, ದೊಡ್ಡಮ್ಮಾ." "ಹೌದಾ? ಏನೋ ಸಪ್ಪೆ ಇದ್ದ ಹಾಗಿದೆ." ಇನ್ನೂ ಬಾಯಿಗೇ ಇಟ್ಟಿಲ್ಲ! ಕಣ್ಣಲ್ಲೇ ರುಚಿ ನೋಡಿ ತೀರ್ಪು ಕೊಟ್ಟಾಯ್ತು. ನಮ್ಮ ಜನಕ್ಕೆ ಖಾರ ಅಂದರೆ ಟ್ರಾಫಿಕ್ ಸಿಗ್ನಲ್ ಬಣ್ಣದಲ್ಲೇ ಇರಬೇಕು. ತಿಂದು ಕೈ ತೊಳೆದ ಮೇಲೂ ಉಗುರಿನ ಸಂದಿಯಲ್ಲಿ ಗುಲಾಬಿ ಉಳಿದರೆ "ಸಖತ್ತಾಗಿತ್ತು" ಅನ್ನುತ್ತಾರೆ. ಆಮೇಲೆ ಟಿವಿ ಮುಂದೆ ಕೂತು, "ನೋಡ್ರೀ, ಏನೇನು ಹಾಕ್ತಾರೆ ಈ ಗಾಡಿಯವರು" ಅಂತ ಬೈಯುವವರೂ ಅವರೇ.

ಇನ್ನೊಂದು ವಿಷಯ. ಗೋಬಿಯ ಬಣ್ಣ ನಿಷೇಧವಾದ ಆ ಸೋಮವಾರವೇ ಬ್ಯಾಡಗಿ ಎಪಿಎಂಸಿಯಲ್ಲಿ ಬೆಂಕಿ ಬಿದ್ದಿತ್ತು. ಮೆಣಸಿನಕಾಯಿ ದರ ದಢಾರನೆ ಕುಸಿದಿತ್ತು. ರೊಚ್ಚಿಗೆದ್ದ ರೈತರು ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಬೆಂಗಳೂರಿನಲ್ಲಿ ಸುಳ್ಳು ಕೆಂಪಿನ ಪತ್ರಿಕಾಗೋಷ್ಠಿ, ಹಾವೇರಿ ಜಿಲ್ಲೆಯಲ್ಲಿ ನಿಜವಾದ ಕೆಂಪಿನ ರಾಶಿಗೆ ಕೇಳುವವರಿಲ್ಲ. ಎರಡೂ ಸುದ್ದಿ ಟಿವಿಯಲ್ಲಿ ಒಂದರ ಹಿಂದೊಂದು ಬಂದವು. ನಡುವೆ ಮಸಾಲೆ ಪುಡಿಯ ಜಾಹೀರಾತೂ ಬಂದಿರಬೇಕು.

ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದರ ಬಣ್ಣವನ್ನು ಹಿಂಡಿ ಓಲಿಯೋರೆಸಿನ್ ಅಂತ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ತುಟಿ ಬಣ್ಣಕ್ಕೆ, ಉಗುರು ಬಣ್ಣಕ್ಕೂ ಹೋಗುತ್ತೆ. ಅಂದರೆ ತಿನ್ನುವ ಬಣ್ಣವನ್ನು ತುಟಿಗೆ ಹಚ್ಚುತ್ತೇವೆ, ಬಟ್ಟೆಗೆ ಹಚ್ಚುವ ಬಣ್ಣವನ್ನು ತಿನ್ನುತ್ತೇವೆ. ಇಂಥ ವಿಚಾರವಂತರು ಬೇರೆಲ್ಲಿ ಸಿಗುತ್ತಾರೆ ಹೇಳಿ?

ನಗು ಬರುತ್ತಿಲ್ಲ, ನಿಜ ಹೇಳಬೇಕೆಂದರೆ. ಗಾಡಿಯವನನ್ನು ಹಿಡಿಯುವುದು ಸುಲಭ. ಅವನು ದಿನಾ ಸಂಜೆ ಅದೇ ಮೂಲೆಯಲ್ಲಿ ನಿಂತಿರುತ್ತಾನೆ, ಓಡಿಹೋಗಲ್ಲ. ಅವನು ಕೆಮಿಸ್ಟ್ ಅಲ್ಲ. ಹೆಸರು, ವಿಳಾಸ ಏನೂ ಇಲ್ಲದ ಪುಡಿ ಪೊಟ್ಟಣ ಅವನ ಕೈಗೆ ಎಲ್ಲಿಂದ ಬಂತು? ಕಲಬೆರಕೆ ಮಾಡಿದ ಕಾರ್ಖಾನೆ ಯಾವುದು, ಸಗಟು ಮಾರಿದವನು ಯಾರು? ಅದನ್ನು ಕೇಳಲು ಬಣ್ಣದ ವ್ಯಾಪಾರಿಯ ಬಾಗಿಲು ತಟ್ಟಬೇಕು. ಕ್ಯಾಮೆರಾ ಹೋಗುವುದು ಮಾತ್ರ ಬಾಣಲೆಯ ಹತ್ತಿರ. ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಅವನ ಪ್ಲೇಟಿನ ರೇಟು ಏರುತ್ತೆ, ನಾವು ಹತ್ತು ರೂಪಾಯಿಗೆ ಚೌಕಾಸಿ ಮಾಡಿ ಪಕ್ಕದ ಗಾಡಿಗೆ ಹೋಗುತ್ತೇವೆ. ಶಾಲೆ ಬಿಟ್ಟ ಮಕ್ಕಳು ಅಲ್ಲೇ ಸಾಲಾಗಿ ನಿಂತಿರುತ್ತಾರೆ. ಒಂದು ದಿನ ದಾಳಿ, ಒಂದು ವಾರ ಮಂಕು ಬಣ್ಣದ ಗೋಬಿ, ಅದಾದ ಮೇಲೆ ಮತ್ತೆ ಅದೇ ಪೊಟ್ಟಣ. ತಪಾಸಣೆಗೆ ಬಂದವರು ಮಾದರಿಯ ಡಬ್ಬಿಗೆ ಮೊಹರು ಹಾಕಿಕೊಂಡು ಹೋಗುತ್ತಾರೆ. ಅವರ ಜೀಪು ತಿರುವು ದಾಟುವಷ್ಟರಲ್ಲಿ ಸಾಲಿನ ಮುಂದಿನ ಹುಡುಗ ಕೂಗುತ್ತಾನೆ, "ಅಣ್ಣಾ, ಒಂದು ಹಾಫ್, ಜಾಸ್ತಿ ರೆಡ್ ಹಾಕಿ."